ಕಂಪ್ಯೂಟರ್ ಹುಚ್ಚಿನವರು ಹಳೇ ಲ್ಯಾಪ್‌ಟಾಪನ್ನೇ ಯಾಕೆ ಅಪ್ಪಿಕೊಂಡಿರುತ್ತಾರೆ?

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಸರ್, ಕಂಪ್ಯೂಟರ್ ಬಗ್ಗೆ ಇಷ್ಟೊಂದು ಮಾತಾಡ್ತೀರಲ್ಲ, ನೀವು ದಿನಾ ಬಳಸೋದು ಯಾವ ಮಷಿನ್? ಲಕ್ಷದ ಮೇಲಿನದೇ ಇರ್ಬೇಕು, ಅಲ್ವಾ?"

ತಗೊಳ್ಳಿ, ಇದೇ ಆ ಮಷಿನ್.

[ಕ್ಲೋಸಪ್: ಮೇಜಿನ ಮೇಲೆ ದಪ್ಪನೆ ಕಪ್ಪು ಲ್ಯಾಪ್‌ಟಾಪ್, ಕೀಬೋರ್ಡ್ ಮಧ್ಯೆ ಕೆಂಪು ಗುಂಡಿ]

ಥಿಂಕ್‌ಪ್ಯಾಡ್ ಎಕ್ಸ್ 220. 2011ರ ಮಾಡೆಲ್. ನಗಬೇಡಿ. ಈ ಪ್ರಶ್ನೆ ಬಂದ ಮೇಲೆ ಮೈಸೂರು, ಮಂಡ್ಯದಲ್ಲಿ ನನಗೆ ಪರಿಚಯ ಇರುವ ಕಂಪ್ಯೂಟರ್ ಹುಚ್ಚಿನವರಿಗೆಲ್ಲ ಫೋನ್ ಮಾಡಿದೆ. ಕೇಳಿದ್ದು ಒಂದೇ ಮಾತು: "ಇವತ್ತು ಬೆಳಿಗ್ಗೆ ಎದ್ದು ಆನ್ ಮಾಡಿದ್ದು ಯಾವ ಮಷಿನ್?" ಆಸೆಪಟ್ಟ ಮಷಿನ್ ಬೇಡ, ಆನ್ ಮಾಡಿದ್ದು ಹೇಳಿ ಅಂದೆ. ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗ ಹೇಳಿದ್ದು 2018ರ ಥಿಂಕ್‌ಪ್ಯಾಡ್ ಟಿ 480. ಸರಸ್ವತಿಪುರಂನ ನಿವೃತ್ತ ಮೇಷ್ಟ್ರು ಹೇಳಿದ್ದು ನನ್ನದಕ್ಕಿಂತಲೂ ಹಳೇದು. ಒಳ್ಳೆ ಸಂಬಳ ಇದೆ, ಪೆನ್ಷನ್ ಇದೆ, ಹೊಸದು ತಗೊಳ್ಳಲು ಇವರಿಗೆ ಯಾವ ತೊಂದರೆಯೂ ಇಲ್ಲ. ಮತ್ತೆ ಯಾಕೆ?

ಥಿಂಕ್‌ಪ್ಯಾಡ್ ಚರಿತ್ರೆ ಎರಡೇ ಸಾಲಲ್ಲಿ ಮುಗಿಸುತ್ತೇನೆ. ಐಬಿಎಂ 1992ರಲ್ಲಿ ಶುರು ಮಾಡಿತು. 2005ರಲ್ಲಿ ಐಬಿಎಂನ ಪಿಸಿ ವ್ಯಾಪಾರವನ್ನೇ ಲೆನೊವೊ ಕೊಂಡುಕೊಂಡಿತು. ದೊಡ್ಡ ಕಂಪನಿಗಳು ಇವನ್ನು ಸಗಟಾಗಿ ತಗೊಂಡು, ಕೆಲವು ವರ್ಷ ಬಳಸಿ, ಒಟ್ಟಿಗೇ ಹೊರಗೆ ಹಾಕುತ್ತವೆ. ಅವೇ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುವುದು. ಮುಗಿಯಿತು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಇದಕ್ಕೆ ಸ್ವಲ್ಪ ಟೈಮ್ ಜಾಸ್ತಿ ತಗೊಳ್ಳುತ್ತೇನೆ, ಬೈಕೋಬೇಡಿ.

"ನನ್ನ ಲ್ಯಾಪ್‌ಟಾಪ್ ಸ್ಲೋ ಆಗಿದೆ" ಅಂದ ತಕ್ಷಣ ಎಲ್ಲರೂ ಬೈಯುವುದು ಪ್ರೊಸೆಸರನ್ನು. ಪಾಪ, ಎಷ್ಟೋ ಸಲ ಅದು ಸುಮ್ನೆ ಕೂತಿರುತ್ತದೆ.

[ಅನಿಮೇಷನ್: ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಪುಟ್ಟ ತೋಳು]

ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ನಿಮ್ಮ ಫೈಲ್ ಇರುವ ಜಾಗ ತಿರುಗಿ ತಿರುಗಿ ಆ ತೋಳಿನ ತುದಿಗೆ ಬರಬೇಕು. ಅದಕ್ಕೆ ಸರಾಸರಿ ಅರ್ಧ ಸುತ್ತು, ಐದು ಮಿಲಿಸೆಕೆಂಡಿನ ಮೇಲೆ ಚಿಲ್ಲರೆ. ಅದಕ್ಕೂ ಮುಂಚೆ ತೋಳು ಸರಿಯಾದ ಸಾಲಿಗೆ ಸರಿಯಬೇಕು, ಅದಕ್ಕೆ ಸುಮಾರು 12. ಒಟ್ಟು 17 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ.

"ಅಷ್ಟೇನಾ? ಕಣ್ಣು ಮಿಟುಕಿಸುವಷ್ಟೂ ಇಲ್ವಲ್ಲ!" ಅಂತೀರಿ. ನಿಮಗೆ ಹೌದು. ಪ್ರೊಸೆಸರಿಗೆ ಎಷ್ಟು ಹೊತ್ತು, ಲೆಕ್ಕ ಹಾಕೋಣ.

2 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 200 ಕೋಟಿ ಸಲ ಟಿಕ್ ಅನ್ನುತ್ತದೆ. 17 ಮಿಲಿಸೆಕೆಂಡಲ್ಲಿ 3 ಕೋಟಿ 40 ಲಕ್ಷ ಟಿಕ್. ಅದರ ಒಂದು ಟಿಕ್ಕನ್ನು ನಮ್ಮ ಒಂದು ಸೆಕೆಂಡ್ ಅಂದುಕೊಳ್ಳಿ. 3 ಕೋಟಿ 40 ಲಕ್ಷ ಸೆಕೆಂಡ್ ಅಂದರೆ 393 ದಿನ! ಅಂದರೆ ಪ್ರೊಸೆಸರ್ ಈ ವರ್ಷದ ಜಂಬೂಸವಾರಿ ದಿನ "ಆ ಫೈಲ್ ಸ್ವಲ್ಪ ಕೊಡಪ್ಪ" ಅಂತ ಡಿಸ್ಕನ್ನು ಕೇಳಿದರೆ, ಉತ್ತರ ಬರುವುದು ಮುಂದಿನ ವರ್ಷದ ಜಂಬೂಸವಾರಿಯೂ ಮುಗಿದು, ಆನೆಗಳು ಲಾರಿ ಹತ್ತಿ ಕಾಡಿನ ಕ್ಯಾಂಪಿಗೆ ವಾಪಸ್ ಹೋದ ಮೇಲೆ. ಅದೂ ಒಂದು ಫೈಲಿಗೆ. ಕಂಪ್ಯೂಟರ್ ಆನ್ ಆಗುವಾಗ ಇಂಥ ಚಿಕ್ಕ ಚಿಕ್ಕ ಫೈಲುಗಳನ್ನು ಸಾವಿರಗಟ್ಟಲೆ ಕೇಳುತ್ತದೆ. ಎಷ್ಟು ದಸರಾ ಆಯಿತು, ನೀವೇ ಗುಣಿಸಿಕೊಳ್ಳಿ.

ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ. ಅದು ಫೈಲುಗಳನ್ನು ಚಿಪ್ಪಿನಲ್ಲೇ ಇಟ್ಟುಕೊಳ್ಳುತ್ತದೆ, ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸುಮಾರು 0.1 ಮಿಲಿಸೆಕೆಂಡಲ್ಲಿ ಉತ್ತರ ಸಿಗುತ್ತದೆ. ನಮ್ಮ ದಸರಾ ಲೆಕ್ಕದಲ್ಲಿ ಎರಡು ದಿನ ಚಿಲ್ಲರೆ. ಮಹಾನವಮಿ ದಿನ ಕೇಳಿದರೆ ವಿಜಯದಶಮಿ ಮಾರನೇ ದಿನ ಕೈಯಲ್ಲಿರುತ್ತದೆ.

ಮೇಷ್ಟ್ರ ಮನೆಯ ಗುಟ್ಟು ಇದೇ. ಪ್ರೊಸೆಸರ್ ಹಳೇದೇ. ಎಸ್‌ಎಸ್‌ಡಿ ಹಾಕಿದ್ದಾರೆ, ರ‍್ಯಾಮ್ 8 ಜಿಬಿಗೆ ಏರಿಸಿದ್ದಾರೆ. ರ‍್ಯಾಮ್ ಯಾಕೆ ಅಂದರೆ, ಅದು ಕೆಲಸದ ಮೇಜು ಇದ್ದ ಹಾಗೆ, ಸಾಲದೇ ಬಂದಾಗ ಕಂಪ್ಯೂಟರ್ ಮತ್ತೆ ಡಿಸ್ಕಿನ ಹತ್ತಿರವೇ ಓಡಬೇಕು. ಮೇಲ್ ನೋಡುವುದು, ಕನ್ನಡದಲ್ಲಿ ಬರೆಯುವುದು, ಪಿಡಿಎಫ್ ಓದುವುದು, ಇಷ್ಟಕ್ಕೆ ಧಾರಾಳವಾಯಿತು.

ಎಲ್ಲದಕ್ಕೂ ಆಗುತ್ತದಾ? ಸುಳ್ಳು ಹೇಳಲ್ಲ, ಈ ವಿಡಿಯೋ ಎಡಿಟ್ ಮಾಡಿದ್ದು ಇದರಲ್ಲಿ ಅಲ್ಲ. ನನ್ನ ಎಕ್ಸ್ 220ಯ ಚಿಪ್‌ಗೆ ಎಚ್ 264 ಬಗೆಯ ವಿಡಿಯೋ ತೋರಿಸಲು ಪ್ರತ್ಯೇಕ ಯಂತ್ರಾಂಗ ಇದೆ. ಆಮೇಲೆ ಬಂದ ವಿಪಿ9, ಎವಿ1 ಬಗೆಗೆ ಇಲ್ಲ. ಈಗ ಆನ್‌ಲೈನ್ ವಿಡಿಯೋ ಬಹಳಷ್ಟು ಬರುವುದು ಈ ಬಗೆಯಲ್ಲೇ, ಆ ಕೆಲಸವನ್ನೆಲ್ಲ ಪ್ರೊಸೆಸರೇ ಬೆವರು ಸುರಿಸಿ ಮಾಡಬೇಕು. ಅದಕ್ಕೇ ನನ್ನ ಲ್ಯಾಪ್‌ಟಾಪಲ್ಲಿ ನನ್ನದೇ ಚಾನೆಲ್ ನೋಡಿದರೆ ಫ್ಯಾನ್ ಕಿರುಚುತ್ತದೆ. ನನ್ನ ಮಾತಿಗೆ ಹಾಗೆ ಪ್ರತಿಭಟಿಸುವುದು ಅದೊಂದೇ ಅಲ್ಲ ಬಿಡಿ.

ಎರಡನೇ ಕಾರಣ, ಸ್ಕ್ರೂ.

[ಕ್ಲೋಸಪ್: ಲ್ಯಾಪ್‌ಟಾಪ್ ಪಕ್ಕದ ಒಂದು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಡಿಸ್ಕ್ ಎಳೆಯುವುದು]

ನೋಡಿದಿರಾ? ಒಂದು ಸ್ಕ್ರೂ, ಡಿಸ್ಕ್ ಹೊರಗೆ. ರ‍್ಯಾಮ್ ಬೇಕಾದರೆ ಕೆಳಗಿನ ಪುಟ್ಟ ಬಾಗಿಲು ತೆಗೆದರಾಯಿತು. ಯಾವ ಭಾಗ ಹೇಗೆ ಬಿಚ್ಚಬೇಕು ಅಂತ ಚಿತ್ರ ಸಮೇತ ಕಂಪನಿಯೇ ರಿಪೇರಿ ಪುಸ್ತಕ ಮಾಡಿ ಇಂಟರ್‌ನೆಟ್ಟಲ್ಲಿ ಪುಕ್ಕಟೆ ಇಟ್ಟಿದೆ. ಈಗಿನ ಎಷ್ಟೋ ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತಾರೆ. ಕೊಳ್ಳುವ ದಿನ ಎಷ್ಟಿತ್ತೋ ಕೊನೇವರೆಗೂ ಅಷ್ಟೇ. ನನಗಂತೂ ಇದು ಮೋಸ ಅನ್ನಿಸುತ್ತದೆ. ತೆಳ್ಳಗೆ ಇರಬೇಕು ಅಂತ ಯಾರು ಕೇಳಿದ್ದರೋ!

ಕೀಬೋರ್ಡ್ ಬಗ್ಗೆಯೂ ಹೇಳಲೇಬೇಕು. ಥಿಂಕ್‌ಪ್ಯಾಡುಗಳಲ್ಲಿ ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಕೆಳಕ್ಕೆ ಹರಿದು ಹೋಗಲು ತೂತು ಬಿಟ್ಟಿರುತ್ತಾರೆ. ಫಿಲ್ಟರ್ ಕಾಫಿ ಲೋಟ ಮೇಜಿನಿಂದ ಇಳಿಯದ ಮೈಸೂರಿನ ಮನೆಗಳಿಗೆ ಇದು ದೊಡ್ಡ ಉಪಕಾರ. ಪರೀಕ್ಷೆ ಮಾಡಿ ನೋಡಬೇಡಿ, ಸಕ್ಕರೆ ಕಾಫಿಗೆ ಆ ತೂತು ಏನೂ ಮಾಡಲಾರದು.

ಹೆಬ್ಬಾಳದ ಹುಡುಗ ಟಿ 480ಗೆ ಅಂಟಿಕೊಂಡಿರುವುದು ಬ್ಯಾಟರಿಗೋಸ್ಕರ. ಒಳಗೊಂದು, ಹೊರಗೊಂದು, ಎರಡು ಬ್ಯಾಟರಿ. ಲ್ಯಾಪ್‌ಟಾಪ್ ನಡೀತಿರುವಾಗಲೇ ಹೊರಗಿನದು ಕಿತ್ತು ಇನ್ನೊಂದು ಹಾಕಬಹುದು. "ಮಳೆಗಾಲದಲ್ಲಿ ಕರೆಂಟ್ ಹೋದ್ರೂ ಮೀಟಿಂಗ್ ನಿಲ್ಲಲ್ಲ ಅಣ್ಣ, ಅದೇ ಬೇಜಾರು" ಅಂತಾನೆ.

[ಸ್ಕ್ರೀನ್ ಮೇಲೆ: 14 ಅಕ್ಟೋಬರ್ 2025]

ಈ ತಾರೀಕು ನೆನಪಿದೆಯಲ್ಲ? ಅವತ್ತು ವಿಂಡೋಸ್ 10ಗೆ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್ ಕೊಡುವುದು, ನಿಂತಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್ಲಿನ ಹೆಚ್ಚೂಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ನನ್ನದು 2ನೇ ತಲೆಮಾರು, ಆ ಬಾಗಿಲಲ್ಲಿ ಒಳಗೇ ಬಿಡಲ್ಲ. ಹಾಗಾಗಿ ನಾನೂ ಮೇಷ್ಟ್ರೂ ವಿಂಡೋಸ್ ಬಿಟ್ಟು, ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟಲ್ಲಿದ್ದೇವೆ. ಕನ್ನಡ ಟೈಪಿಂಗ್ ಆಗುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗುತ್ತದೆ. ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಂಡು ಇನ್‌ಸ್ಕ್ರಿಪ್ಟಲ್ಲೋ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲೋ ಹೊಡೆಯಬಹುದು.

ಟೈಮ್ ಮೀರುತ್ತಿದೆ, ಎಡಿಟರ್ ಕಣ್ಣು ಕೆಂಪು ಮಾಡುತ್ತಿದ್ದಾನೆ. ಉಳಿದವರನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಮಂಡ್ಯದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯನದು ವಿಂಡೋಸ್ ಎಕ್ಸ್‌ಪಿ ಮಷಿನ್. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರಲ್ಲಿ. ಆದರೆ ಅವನ ಹಳೇ ಲಗ್ನಪತ್ರಿಕೆಗಳೆಲ್ಲ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಯೂನಿಕೋಡ್ ಬರುವ ಮುಂಚಿನ ಫಾಂಟಲ್ಲಿವೆ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತದೆ. ಬೇರೆ ಕಡೆ ತೆರೆದರೆ ಚಿ.ಸೌ. ಇರಬೇಕಾದ ಕಡೆ ಏನೇನೋ ಗೀಚು. ನೆಟ್ ಕೇಬಲ್ ಕಿತ್ತು, ಆ ಮಷಿನನ್ನು ಹಾಗೇ ಉಳಿಸಿಕೊಂಡಿದ್ದಾನೆ. ಸರಿಯಾದ ಕೆಲಸವೇ. ಕುವೆಂಪುನಗರದ ಎಂಜಿನಿಯರಿಂಗ್ ಹುಡುಗಿ ಮನೆಯವರ ಫೋಟೋ ಎಲ್ಲ ಒಂದು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೆ ಹಾಕಿ ಹಗಲೂ ರಾತ್ರಿ ಆನ್ ಇಟ್ಟಿದ್ದಾಳೆ. 5 ವ್ಯಾಟ್ ಅಂದುಕೊಂಡರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ ಮುಗಿಯುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೂರು ವಿಷಯ ನೋಡಿ. ಆನ್ ಮಾಡಿದ ತಕ್ಷಣ ಮೊದಲು ಏಳುವ ಬಯೋಸ್ ಅನ್ನುವ ತಂತ್ರಾಂಶಕ್ಕೆ ಯಾರೋ ಪಾಸ್‌ವರ್ಡ್ ಹಾಕಿ ಮರೆತಿದ್ದಾರಾ, ಅಂಗಡಿಯಲ್ಲೇ ತೆಗೆಸಿ ನೋಡಿ. ಬ್ಯಾಟರಿ ಊದಿಕೊಂಡಿದ್ದರೆ ಮುಟ್ಟಲೇಬೇಡಿ. ಸ್ಕ್ರೀನ್ ಕೀಲು ಅಲುಗಾಡುತ್ತದಾ ನೋಡಿ. ಬೆಲೆ ನಾನು ಹೇಳಲ್ಲ, ಚೌಕಾಸಿ ಮಾಡುವುದು ನಿಮ್ಮ ಕೆಲಸ.

ಇವತ್ತು ಬೆಳಿಗ್ಗೆ ನೀವು ಆನ್ ಮಾಡಿದ ಮಷಿನ್ ಯಾವುದು, ಒಳಗಿರುವುದು ಎಸ್‌ಎಸ್‌ಡಿನೋ ತಿರುಗೋ ಡಿಸ್ಕೋ, ಕೆಳಗೆ ಬರೆಯಿರಿ. ಹತ್ತು ವರ್ಷ ದಾಟಿದ್ದಾದರೆ ಫೋಟೋ ಸಮೇತ ಕಳಿಸಿ. ಮುಂದಿನ ವಿಡಿಯೋದಲ್ಲಿ ಅವುಗಳಲ್ಲಿ ಒಂದನ್ನು ಬಿಚ್ಚಿ ಪ್ರೊಸೆಸರಿನ ಬಿಸಿ ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸೋಣ.