ಹುಡುಗರ ಪಕ್ಕದಲ್ಲಿ ಒಬ್ಬ ಹಿರಿಯ

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ಕ್ಲಬ್ ನಡೆಸುವವರು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಹುಡುಗರನ್ನು ಬೆಳೆಸಬೇಕೋ, ಈ ವರ್ಷದ ಕಪ್ ಗೆಲ್ಲಬೇಕೋ? ಈ ಎರಡರ ನಡುವೆ ‘ಅಥವಾ’ ಯಾಕೆ ಬಂತು ಎಂಬುದೇ ನನಗೆ ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿದವರಿದ್ದಾರೆ. ಅವರು ಮಾಡಿದ್ದು ಇಷ್ಟೇ: ಹುಡುಗನನ್ನು ಪ್ರಧಾನ ತಂಡದಲ್ಲಿ ಆಡಿಸಿದರು, ಅವನ ಪಕ್ಕದಲ್ಲಿ ಒಬ್ಬ ಹಿರಿಯನನ್ನು ನಿಲ್ಲಿಸಿದರು. ಮಗನನ್ನು ಮೈದಾನದೊಳಗೆ ಬಿಟ್ಟು ಗೇಟಿನ ಬಳಿ ಸ್ಕೂಟರ್ ಮೇಲೆ ಕುಳಿತು ಕಾಯುವ ತಂದೆತಾಯಂದಿರೇ, ಜಿಲ್ಲಾ ಕ್ಲಬ್ಬುಗಳ ಕಾರ್ಯದರ್ಶಿಗಳೇ, ಇಂದು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

1995ರ ಮೇ 24. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್. ಒಂದು ಕಡೆ ಇಟಲಿಯ ಎ.ಸಿ. ಮಿಲಾನ್. ಹಿಂದಿನ ವರ್ಷದ ಫೈನಲ್‌ನಲ್ಲಿ ಬಾರ್ಸಿಲೋನಾವನ್ನು 4-0ಯಿಂದ ಬಡಿದಿದ್ದ ತಂಡ. ಬರೇಸಿ, ಮಾಲ್ದೀನಿ ಅವರಂಥವರು ಕಾವಲು ನಿಂತಿದ್ದ ರಕ್ಷಣೆ. ಇನ್ನೊಂದು ಕಡೆ ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್, ಹುಡುಗರ ತಂಡ. ಸೀಡಾರ್ಫ್‌ಗೆ 19, ಡೇವಿಡ್ಸ್‌ಗೆ 22, ಒವರ್‌ಮಾರ್ಸ್‌ಗೂ 22. ಬೆಂಚಿನಲ್ಲಿ ಹದಿನೆಂಟರ ಇಬ್ಬರು, ಕಾನು ಮತ್ತು ಪ್ಯಾಟ್ರಿಕ್ ಕ್ಲೈವರ್ಟ್.

ಆದರೆ ಕೋಚ್ ಲೂಯಿ ವಾನ್ ಗಾಲ್ ಈ ಹುಡುಗರನ್ನಷ್ಟೇ ಕಣಕ್ಕೆ ಇಳಿಸಿರಲಿಲ್ಲ. ರಕ್ಷಣೆಯಲ್ಲಿ ನಾಯಕ ಡ್ಯಾನಿ ಬ್ಲಿಂಡ್ ಇದ್ದರು, ವಯಸ್ಸು 33. ಜೊತೆಗೆ ಫ್ರಾಂಕ್ ರೈಕಾರ್ಡ್, ವಯಸ್ಸು 32. ಈ ರೈಕಾರ್ಡ್ ಅವರ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅವರು ಆಮ್‌ಸ್ಟರ್‌ಡಾಮ್‌ನವರೇ, ಆಟ ಶುರು ಮಾಡಿದ್ದೂ ಅಯಾಕ್ಸ್‌ನಲ್ಲೇ. 1987ರಲ್ಲಿ ಆಗಿನ ಕೋಚ್ ಯೋಹಾನ್ ಕ್ರೈಫ್ ಜೊತೆ ಜಗಳವಾಡಿ ಹೊರಟುಹೋದರು. ಮರುವರ್ಷ ಮಿಲಾನ್ ಸೇರಿದರು. ಅಲ್ಲಿ 1989 ಮತ್ತು 1990ರಲ್ಲಿ ಎರಡು ಬಾರಿ ಯುರೋಪಿನ ಕಪ್ ಎತ್ತಿದರು. 1990ರ ಫೈನಲ್‌ನ ಏಕೈಕ ಗೋಲು ಅವರದೇ, ಅದೂ ಇದೇ ವಿಯೆನ್ನಾದ ಇದೇ ಕ್ರೀಡಾಂಗಣದಲ್ಲಿ. 1993ರಲ್ಲಿ ಅವರು ಅಯಾಕ್ಸ್‌ಗೆ ಮರಳಿ ಬಂದಾಗ ವಯಸ್ಸು ಮೂವತ್ತು. ಇಷ್ಟು ವಯಸ್ಸಾದವನು ಹುಡುಗರ ಜಾಗ ಹಿಡಿದು ಕೂರುತ್ತಾನೆ ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ದಯವಿಟ್ಟು ಮುಂದಿನದನ್ನು ಕೇಳಿ.

ಪಂದ್ಯದಲ್ಲಿ ಬಹಳ ಹೊತ್ತು ಗೋಲು ಬರಲಿಲ್ಲ. ಎರಡನೇ ಅವಧಿಯಲ್ಲಿ ವಾನ್ ಗಾಲ್ ಮೊದಲು ಕಾನುವನ್ನು, ಆಮೇಲೆ ಕ್ಲೈವರ್ಟ್‌ನನ್ನು ಇಳಿಸಿದರು. 85ನೇ ನಿಮಿಷ. ಮಿಲಾನ್ ಪೆನಾಲ್ಟಿ ಆವರಣದ ಅಂಚಿನಲ್ಲಿ ಚೆಂಡು ರೈಕಾರ್ಡ್ ಅವರ ಕಾಲಿಗೆ ಬಂತು. ಎದುರಿಗೆ ಇದ್ದವರು ಅವರ ಹಳೆಯ ಸಂಗಾತಿಗಳೇ. ರೈಕಾರ್ಡ್ ಗೋಲಿಗೆ ಒದೆಯಲಿಲ್ಲ. ಚೆಂಡನ್ನು ಆವರಣದೊಳಗಿದ್ದ ಕ್ಲೈವರ್ಟ್‌ಗೆ ತಳ್ಳಿದರು. ಮೈಮೇಲೆ ಬೀಳುತ್ತಿದ್ದ ರಕ್ಷಕರ ನಡುವೆ ಆ ಹುಡುಗ ಮುಗ್ಗರಿಸುತ್ತಲೇ ಬೂಟಿನ ತುದಿಯಿಂದ ಚೆಂಡನ್ನು ಗೋಲ್‌ಕೀಪರ್ ರೋಸಿಯನ್ನು ದಾಟಿಸಿದ. 1-0. ಅದೇ ಗೆಲುವಿನ ಗೋಲು. ಮೂವತ್ತೆರಡರವರು ಕೊಟ್ಟರು, ಹದಿನೆಂಟರವನು ಹೊಡೆದ! ಅದು ರೈಕಾರ್ಡ್ ಅವರ ವೃತ್ತಿಜೀವನದ ಕಡೆಯ ಋತು.

ಅಯಾಕ್ಸ್ ಹುಡುಗರು ಗೆದ್ದರು ಎಂದು ಎಲ್ಲರೂ ಹೇಳುತ್ತಾರೆ. ಹುಡುಗರು ಹೌದು, ಆದರೆ ಪಕ್ಕದಲ್ಲಿ ಇದ್ದವರು ಯಾರು? ಅದನ್ನೂ ಸೇರಿಸಿ ಹೇಳಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅದೇ ವರ್ಷದ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬಾಸ್ಮನ್ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ಹಣ ಕೊಡಿಸದೆ ಬೇರೆ ಕಡೆ ಹೋಗಬಹುದು ಎಂದಾಯಿತು. 1996ರಲ್ಲಿ ಡೇವಿಡ್ಸ್ ಮತ್ತು ರೈಜಿಗರ್, 1997ರಲ್ಲಿ ಕ್ಲೈವರ್ಟ್, ಮೂವರೂ ಅದೇ ಮಿಲಾನ್‌ಗೆ ಹೋದರು. ಅಯಾಕ್ಸ್‌ಗೆ ಬಿಡಿಗಾಸು ಸಿಗಲಿಲ್ಲ. ಆದ್ದರಿಂದ ಕಾರ್ಯದರ್ಶಿಗಳೇ, ಹುಡುಗನ ಒಪ್ಪಂದವನ್ನು ಕಾಲಕ್ಕೆ ಸರಿಯಾಗಿ ನವೀಕರಿಸಿ. ಅದು ಕಚೇರಿಯ ಕೆಲಸ, ಹೆಚ್ಚು ವಿವರಿಸುವುದಿಲ್ಲ.

2018ರಲ್ಲಿ ಅಯಾಕ್ಸ್‌ನ ಫುಟ್‌ಬಾಲ್ ನಿರ್ದೇಶಕರಾಗಿದ್ದವರು ಅದೇ ಒವರ್‌ಮಾರ್ಸ್. ಅಕಾಡೆಮಿಯಿಂದ ಬಂದ ಡಿ ಲಿಟ್ ಹದಿನೆಂಟಕ್ಕೇ ನಾಯಕ. ಒವರ್‌ಮಾರ್ಸ್ ಏನು ಮಾಡಿದರು? ಇಂಗ್ಲೆಂಡಿನಿಂದ ಇಬ್ಬರು ಅನುಭವಿಗಳನ್ನು ತಂದರು, ದುಸಾನ್ ಟಾಡಿಚ್ ಮತ್ತು ಡೇಲಿ ಬ್ಲಿಂಡ್. ಡೇಲಿ ಯಾರೆಂದುಕೊಂಡಿರಿ? 1995ರ ನಾಯಕ ಡ್ಯಾನಿ ಬ್ಲಿಂಡ್ ಅವರ ಮಗ! ಆ ಋತುವಿನಲ್ಲಿ ಅಯಾಕ್ಸ್ ರಿಯಲ್ ಮ್ಯಾಡ್ರಿಡ್ಅನ್ನು ಅದರ ಅಂಗಳದಲ್ಲೇ 4-1ರಿಂದ ಸೋಲಿಸಿತು, ನೆದರ್ಲೆಂಡ್ಸ್‌ನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು.

ನಮ್ಮ ಬೆಂಗಳೂರು ಎಫ್‌ಸಿಯನ್ನೂ ನೋಡಿ. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿತು. ಮೊದಲ ಗೋಲು ಹೊಡೆದದ್ದು ಯುವಕ ಶಿವಶಕ್ತಿ ನಾರಾಯಣನ್, ಕಪ್ ಎತ್ತಿದ್ದು 38ರ ಸುನಿಲ್ ಛೆಟ್ರಿ. ಆ ಋತುವಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಶಿವಶಕ್ತಿಗೇ ಬಂತು. ಪಕ್ಕದಲ್ಲಿ ಛೆಟ್ರಿ ಅಂಥವರಿದ್ದರೆ ದಿನದ ಅಭ್ಯಾಸವೇ ಪಾಠ.

ಹಾಗಾದರೆ ಹಣ ಎಲ್ಲಿ ಪೋಲಾಗುತ್ತಿದೆ? ಹುಡುಗನಿಗಿಂತ ಹೆಚ್ಚು ಚೆನ್ನಾಗಿಯೂ ಆಡದ, ಅವನಿಗೆ ಕಲಿಸಲೂ ಬಾರದ ಸಾಧಾರಣ ಆಟಗಾರನನ್ನು ಕ್ಲಬ್ಬುಗಳು ಪ್ರತಿ ವರ್ಷ ಕೊಳ್ಳುತ್ತವೆ. ಬೆಂಚಿನಲ್ಲಿ ಕುಳಿತ ಹುಡುಗ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ದಾಟಿ, ಕೊನೆಗೆ ಬೂಟು ಕಳಚಿಟ್ಟು ಕೆಲಸ ಹುಡುಕುತ್ತಾನೆ. ಅಂಥ ಮೂವರ ಸಂಬಳ ಕೂಡಿಸಿ ಒಬ್ಬ ಒಳ್ಳೆಯ ಹಿರಿಯನನ್ನು ತನ್ನಿ. ಉಳಿದ ಎರಡು ಜಾಗ ಹುಡುಗರಿಗೆ ಕೊಡಿ. ಮುಂದಿನ ಲೀಗಿಗೆ ಆಟಗಾರರ ನೋಂದಣಿ ಮಾಡುವಾಗ ಪಟ್ಟಿಯಲ್ಲಿ ಪ್ರತಿ ಹುಡುಗನ ಹೆಸರಿನ ಎದುರು, ಅವನ ಪಕ್ಕದಲ್ಲಿ ಆಡುವ ಹಿರಿಯನ ಹೆಸರು ಬರೆಯಿರಿ. ಆ ಜಾಗ ಖಾಲಿ ಉಳಿದರೆ ಅಲ್ಲಿಗೆ ಬೇಕಾದವರನ್ನು ಮೊದಲು ಹುಡುಕಿ. ನಮಸ್ಕಾರ.