ಒರಟು ಹಾಡು ತಿದ್ದದ ಹುಡುಗರು

ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ ರೇಡಿಯೋ ಪಕ್ಕ ಒರಗಿಕೊಂಡಿದ್ದೀರಿ, ಗೊತ್ತು. ಇವತ್ತು ನಿಮ್ಮ ನಿದ್ದೆ ಕೆಡಿಸಬೇಕು ಅಂತಲೇ ಬಂದಿದ್ದೇನೆ.

ಸಿಡ್ನಿಯಲ್ಲಿ 1964ರಲ್ಲಿ ಶುರುವಾದ ತಂಡ, ದಿ ಮಿಸ್ಸಿಂಗ್ ಲಿಂಕ್ಸ್. ಇವರದು ಗ್ಯಾರೇಜ್ ರಾಕ್. ಅಂದರೆ, ಕಾರು ನಿಲ್ಲಿಸೋ ಶೆಡ್ಡಿನಲ್ಲಿ ಹುಡುಗರು ಸೇರಿ ಬಾರಿಸಿದ ಹಾಗಿರುವ ಒರಟು ಹಾಡು. ಆ ಒರಟನ್ನು ಇವರು ತಿದ್ದಲಿಲ್ಲ. ನಾನು ಹೇಳಬೇಕಾದದ್ದು ಇದೊಂದೇ, ತಿದ್ದಲಿಲ್ಲ.

1965ರ ಕೊನೆಗೆ ಫಿಲಿಪ್ಸ್ ಕಂಪನಿ ಇವರ ಒಂದೇ ಒಂದು ಎಲ್‌ಪಿ, ಅಂದರೆ ಹಾಡುಗಳ ದೊಡ್ಡ ತಟ್ಟೆ, ತಂದಿತು. ಅದರಲ್ಲಿ ಅಮೆರಿಕದ ಗಾಯಕ ಬೋ ಡಿಡ್ಲಿಯ ಹಾಡೊಂದಿದೆ: 'ಮಾಮಾ, ಕೀಪ್ ಯುವರ್ ಬಿಗ್ ಮೌತ್ ಶಟ್'. ಅಮ್ಮಾ, ಬಾಯಿ ಮುಚ್ಚಮ್ಮಾ ಅಂತ! ಹಾಡಿದರು, ಸರಿ. ಆಮೇಲೆ ಏನು ಮಾಡಿದರು ಗೊತ್ತೇ? ಅದೇ ಟೇಪನ್ನು ಹಿಂದುಮುಂದಾಗಿ ಓಡಿಸಿ, ಇದು ಇನ್ನೊಂದು ಹಾಡು ಅಂತ ಅದೇ ತಟ್ಟೆಯಲ್ಲಿ ಸೇರಿಸಿಬಿಟ್ಟರು! ಹೆಸರೂ ಉಲ್ಟಾ, 'ಮೌತ್', 'ಶಟ್' ಎರಡರ ಅಕ್ಷರಗಳನ್ನೂ ಬಾಲದಿಂದ ಬರೆದರು. ಬೀಟಲ್ಸ್‌ನವರ 'ರೇನ್' ಹಾಡಿನಲ್ಲಿ ಉಲ್ಟಾ ದನಿ ಬಂದದ್ದು ಮರುವರ್ಷ, 1966ರಲ್ಲಿ.

ಡ್ರಮ್ಮಿಗೆ ಹೊಡೆದರೆ ಮೊದಲು ಪೆಟ್ಟು, ಆಮೇಲೆ ಗುಂಯ್ ಅಂತ ಇಳಿಯೋ ನಾದ, ಅಲ್ಲವೇ? ಇಲ್ಲಿ ಗುಂಯ್ ಅನ್ನೋದೇ ಮೊದಲು ಎಲ್ಲಿಂದಲೋ ಉಬ್ಬಿಕೊಂಡು ಬರುತ್ತೆ, ಪೆಟ್ಟಿನ ಹತ್ತಿರ ಬಂದು ಟಕ್ ಅಂತ ನಿಂತುಬಿಡುತ್ತೆ. ನಾನು ಮೊದಲ ಸಲ ಹಾಕಿದಾಗ ನಮ್ಮನೆಯವರು ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಪ್ಲೇಯರು ಕೆಟ್ಟುಹೋಯ್ತಾ?" ಇಲ್ಲ ಮಾರಾಯ್ತಿ, ಹಾಡೇ ಹಾಗೆ ಅಂದೆ. "ಇದಕ್ಕೆ ದುಡ್ಡು ಬೇರೆ ಕೊಟ್ರಾ?" ಅಂದು ಒಳಗೆ ಹೋದರು. ಎರಡನೇ ಸಲ ಹಾಕಿದಾಗ ಅವರು ಬರಲಿಲ್ಲ. ಕುಕ್ಕರ್ ಮಾತ್ರ ಕೂಗಿತು.

ಹೊತ್ತು ಓಡುತ್ತಿದೆ, ಬೇಗ ಹೇಳಿಬಿಡುತ್ತೇನೆ. 1966ರಲ್ಲೇ ತಂಡ ಒಡೆಯಿತು. ಗಿಟಾರಿನ ಡಗ್ ಫೋರ್ಡ್ ಮುಂದೆ ಮಾಸ್ಟರ್ಸ್ ಅಪ್ರೆಂಟಿಸಸ್ ಅನ್ನೋ ತಂಡ ಸೇರಿದ. ಆದರೆ ಹಾಡು ಸಾಯಲಿಲ್ಲ. ಬ್ರಿಸ್ಬೇನಿನ ಪಂಕ್ ತಂಡ ದಿ ಸೇಂಟ್ಸ್ 1977ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಮಿಸ್ಸಿಂಗ್ ಲಿಂಕ್ಸ್‌ನವರ 'ವೈಲ್ಡ್ ಅಬೌಟ್ ಯೂ' ಹಾಡಿತು. ಪಂಕ್ ಅಂದರೆ ಜೋರಾಗಿ, ಒರಟಾಗಿ ಬಾರಿಸೋ ರಾಕ್. ಪಂಕ್ ಅಂದಕೂಡಲೇ ಲಂಡನ್, ಲಂಡನ್ ಅನ್ನುವವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಹನ್ನೊಂದು ವರ್ಷ ಕಳೆದರೂ ಆ ಹಾಡು ಹೊಸ ಹುಡುಗರ ಕೈಗೆ ಸರಿಯಾಗಿ ಕೂತಿತು. ಯಾಕೆ? ತಿದ್ದಿರಲಿಲ್ಲ, ಅದಕ್ಕೇ.

ಈಗ 'ವೈಲ್ಡ್ ಅಬೌಟ್ ಯೂ' ಮೂಲ ಹಾಡನ್ನೇ ಹಾಕುತ್ತಾರೆ. ಕರಕರ ಅಂತ ಕೇಳಿಸಿದರೆ ರೇಡಿಯೋ ತಲೆಗೆ ತಟ್ಟಬೇಡಿ, ಅದು ಗಿಟಾರು.