ರೈ: ಗೋಧಿಯ ನೆಂಟ, ರಾಗಿಯ ನಡತೆ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಸಾರಿಗೆ ಒಗ್ಗರಣೆ ಹಾಕುತ್ತಿರಬಹುದು, ಇನ್ನು ಕೆಲವರು ಕಣದಲ್ಲಿ ಕಾಫಿ ಹರಡುತ್ತಾ ರೇಡಿಯೊ ಹಾಕಿಕೊಂಡಿರಬಹುದು. ನಾನು ಮಾತನಾಡಲು ಬಂದಿರುವುದು ರೈ ಎಂಬ ಧಾನ್ಯದ ಬಗ್ಗೆ. ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಹಿಂದಿಯವರು ರಾಯಿ ಎನ್ನುವುದು ಸಾಸಿವೆಗೆ, ಇದು ಅದಲ್ಲ. ಕರಾವಳಿಯ ರೈ ಮನೆತನಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಹುಲ್ಲಿನ ಕುಟುಂಬಕ್ಕೆ ಸೇರಿದ, ಗೋಧಿಗೂ ಬಾರ್ಲಿಗೂ ಹತ್ತಿರದ ನೆಂಟನಾದ ಒಂದು ಧಾನ್ಯ. ಕಾಳು ಗೋಧಿಗಿಂತ ಸಣಕಲು, ಬಣ್ಣ ಬೂದಿ ಬೆರೆತ ಹಸಿರು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ರೈ ಹುಟ್ಟಿನಿಂದ ಗೋಧಿಯ ನೆಂಟನಾದರೂ ಒಲೆಯ ಮೇಲೆ ಅದರ ನಡತೆ ರಾಗಿಯದು. ಅದನ್ನು ಗೋಧಿಯೆಂದು ತಿಳಿದು ಮುಟ್ಟಿದವರೆಲ್ಲರೂ ಸೋತಿದ್ದಾರೆ. ಆ ಸೋಲನ್ನು ನಾನು ನಮ್ಮ ಮನೆಯಲ್ಲಿಯೇ ಕಣ್ಣಾರೆ ಕಂಡೆ.

ನನ್ನ ಅಕ್ಕನ ಮಗಳು ಮೂಡಿಗೆರೆಯ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾಳೆ. ಒಂದು ಮಳೆಗಾಲದಲ್ಲಿ ಅಲ್ಲಿ ಹದಿನೈದು ದಿನ ಉಳಿದಿದ್ದ ಜರ್ಮನಿಯ ದಂಪತಿಗಳು ತಮ್ಮೂರಿನಿಂದ ತಂದಿದ್ದ ಎರಡು ಕಿಲೋ ರೈ ಹಿಟ್ಟನ್ನು ಹೊರಡುವಾಗ ಅಲ್ಲಿಯೇ ಬಿಟ್ಟುಹೋದರು. ಹಿಟ್ಟು ವ್ಯರ್ಥವಾಗಬಾರದೆಂದು ಹುಡುಗಿ ಚಪಾತಿಗೆ ಕಲಸಿದಳು. ನಾನೂ ಆ ದಿನ ಅಲ್ಲಿಗೆ ಹೋಗಿದ್ದೆ. ಬೆಳೆಗಳ ಬಗ್ಗೆ ಕಾಲೇಜಿನಲ್ಲಿ ಪಾಠ ಹೇಳಿದವನೆಂಬ ಹೆಮ್ಮೆಯಿಂದ, ಇನ್ನೂ ಸ್ವಲ್ಪ ನಾದು, ಸರಿಹೋಗುತ್ತದೆ ಎಂದು ಸಲಹೆಯನ್ನೂ ಕೊಟ್ಟೆ. ನಾದಿದಷ್ಟೂ ಅದು ಬೆರಳಿಗೆ ಮೆತ್ತಿಕೊಂಡಿತು. ಒಣ ಹಿಟ್ಟು ಉದುರಿಸಿ ಲಟ್ಟಿಸಿದರೆ ಅರ್ಧ ಮಣೆಗೆ, ಅರ್ಧ ಲಟ್ಟಣಿಗೆಗೆ ಅಂಟಿತು. ಹೇಗೋ ಬಿಡಿಸಿ ಕಾವಲಿಗೆ ಹಾಕಿದ ಒಂದೇ ಒಂದು ಚಪಾತಿ, ಉಬ್ಬುವುದಿರಲಿ, ತಿರುವಿ ಹಾಕುವಾಗ ನಾಲ್ಕು ತುಂಡಾಯಿತು.

ಆಗ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನನ್ನ ಸೋದರತ್ತೆ ಒಳಗೆ ಬಂದರು. ಅವರಿಗೆ ಎಂಬತ್ತು ದಾಟಿತ್ತು. ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಕಡೆ ತಿರುಗಿ, "ಲೋ ಮಗ, ಇದಕ್ಕೆ ಎಳೆ ಎಲ್ಲೈತೆ? ಇದನ್ನ ಲಟ್ಟಿಸೋಕೆ ಹೋದ್ಯಲ್ಲ. ನೀರು ಕುದಿಸೋಕಿಡು," ಎಂದರು. ಉಳಿದ ಹಿಟ್ಟಿಗೆ ಉಪ್ಪು, ಹೆಚ್ಚಿದ ಈರುಳ್ಳಿ, ಹಿಡಿ ನುಗ್ಗೆಸೊಪ್ಪು ಸೇರಿಸಿ, ಕುದಿಯುವ ನೀರು ಹೊಯ್ದು ಸೌಟಿನಲ್ಲಿ ತಿರುವಿ, ಆರಿದ ಮೇಲೆ ಬಾಳೆಲೆಯ ಮೇಲೆ ಒದ್ದೆ ಕೈಯಲ್ಲಿ ತಟ್ಟಿದರು. ಎಲೆಯ ಸಮೇತ ಕಾವಲಿಗೆ ಮಗುಚಿದ ಆ ರೊಟ್ಟಿ ಅಚ್ಚುಕಟ್ಟಾಗಿ ಬೆಂದಿತು. ಕಾಯಿಚಟ್ನಿಯೊಂದಿಗೆ ನಾನು ಮೂರು ತಿಂದೆ. ಮಾರನೆಯ ದಿನ ಅತ್ತೆಗೆ ಉತ್ಸಾಹ ಹೆಚ್ಚಾಗಿ ಹಿಟ್ಟಿನ ಕೋಲು ಹಿಡಿದು ಮುದ್ದೆಗೂ ಕೈಹಾಕಿದರು. ಮುದ್ದೆ ನೋಡುವುದಕ್ಕೆ ಚೆಂದವಾಗಿಯೇ ಇತ್ತು. ನುಂಗಲು ಹೋದರೆ ಗಂಟಲಿನಲ್ಲಿ ಗೋಂದಿನ ಹಾಗೆ ನಿಂತಿತು. ಅದು ಕೊನೆಗೆ ನಾಯಿಗೆ ಹೋಯಿತು, ನಾಯಿಯೂ ಬಹಳ ಹೊತ್ತು ಯೋಚಿಸಿತು. ಕೊನೆಯ ಎರಡು ಹಿಡಿ ಹಿಟ್ಟನ್ನು ನೀರಿನಲ್ಲಿ ಕದಡಿ ಮಡಕೆಯಲ್ಲಿ ಎರಡು ರಾತ್ರಿ ಹುಳಿ ಬರಿಸಿ, ಕಾಯಿಸಿ, ಮಜ್ಜಿಗೆ ಬೆರೆಸಿದ ಅಂಬಲಿ ಮಾತ್ರ ಎಲ್ಲರಿಗೂ ಹಿಡಿಸಿತು.

ಅತ್ತೆ ಬೆರಳಲ್ಲಿ ಕಂಡುಕೊಂಡದ್ದನ್ನೇ ವಿಜ್ಞಾನವೂ ಹೇಳುತ್ತದೆ. ಗೋಧಿ ಹಿಟ್ಟನ್ನು ನಾದಿದಾಗ ಅದರ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಆ ಬಲೆಯೊಳಗೆ ಆವಿ ಸಿಕ್ಕಿಕೊಳ್ಳುವುದರಿಂದಲೇ ಚಪಾತಿ ಉಬ್ಬುತ್ತದೆ. ರೈಯಲ್ಲಿ ಆ ಬಲೆ ಕಟ್ಟುವುದಿಲ್ಲ. ಅದರ ಬದಲಿಗೆ ಪೆಂಟೋಸಾನ್ ಎಂಬ ನಾರಿನಂಥ ಪದಾರ್ಥವೊಂದು ನೀರನ್ನೆಲ್ಲ ಹೀರಿಕೊಂಡು, ನೆನೆಸಿದ ಮೆಂತ್ಯೆಯ ಹಾಗೆ ಲೋಳೆಯಾಗುತ್ತದೆ. ಇಷ್ಟೇ ಅಲ್ಲದೆ, ಒಲೆಯ ಕಾವಿನಲ್ಲಿ ರೈಯೊಳಗಿನ ಕಿಣ್ವಗಳು ಪಿಷ್ಟವನ್ನು ಕರಗಿಸಿ ಬ್ರೆಡ್ಡಿನ ಒಡಲನ್ನು ಮೇಣದಂತೆ ಮಾಡಿಬಿಡುತ್ತವೆ. ಅದಕ್ಕೆ ಮದ್ದು ಹುಳಿ. ಹುಳಿ ಬಂದ ಹಿಟ್ಟಿನಲ್ಲಿ ಆ ಕಿಣ್ವಗಳ ಆಟ ನಡೆಯುವುದಿಲ್ಲ. ಆದ್ದರಿಂದಲೇ ಜರ್ಮನಿ, ಪೋಲೆಂಡ್, ರಷ್ಯಾ, ಫಿನ್ಲೆಂಡ್‌ಗಳ ರೈ ಬ್ರೆಡ್ಡು ಹುಳಿ ಬ್ರೆಡ್ಡು. ಪೋಲೆಂಡಿನವರು ರೈ ಹಿಟ್ಟನ್ನು ನೀರಿನಲ್ಲಿ ಕದಡಿ ಕೆಲವು ದಿನ ಹುಳಿಸಿ ಜುರೆಕ್ ಎಂಬ ಸಾರು ಮಾಡುತ್ತಾರೆ, ರಷ್ಯನ್ನರು ಒಣಗಿದ ರೈ ಬ್ರೆಡ್ಡನ್ನು ನೆನೆಹಾಕಿ ಕ್ವಾಸ್ ಎಂಬ ಪಾನೀಯ ಮಾಡುತ್ತಾರೆ. ನಮ್ಮ ಅಂಬಲಿಯ ಮಡಕೆ ಅವರ ಮನೆಯಲ್ಲಿಯೂ ಇದೆ ಎಂದಾಯಿತು.

ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದ ಪಂಪರ್‌ನಿಕ್ಕೆಲ್ ಎಂಬ ರೈ ಬ್ರೆಡ್ಡನ್ನು ಸಣ್ಣ ಕಾವಿನಲ್ಲಿ 16 ಗಂಟೆಗೂ ಮಿಕ್ಕಿ ಬೇಯಿಸುತ್ತಾರೆ. ಬಣ್ಣ ಹಾಕದೆಯೇ ಅದು ಕಪ್ಪಾಗುತ್ತದೆ. ಫಿನ್ಲೆಂಡಿನಲ್ಲಿ ಹಿಂದೆ ನಡುವೆ ತೂತಿರುವ ಚಪ್ಪಟೆ ಬ್ರೆಡ್ಡುಗಳನ್ನು ಕೋಲಿಗೆ ಪೋಣಿಸಿ, ನಾವು ಬಿತ್ತನೆಯ ಜೋಳದ ತೆನೆಯನ್ನು ಅಟ್ಟಕ್ಕೆ ಕಟ್ಟುವ ಹಾಗೆ, ಸೂರಿನ ಕೆಳಗೆ ತೂಗುಹಾಕುತ್ತಿದ್ದರು. ಈಗ ಹಾಸನದ ಅಂಗಡಿಗಳಲ್ಲಿಯೂ ರೈ ಬ್ರೆಡ್ ಎಂಬ ಹೆಸರಿನ ಪೊಟ್ಟಣಗಳು ಬಂದಿವೆ. ದಯವಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಪದಾರ್ಥಗಳ ಸಾಲಿನಲ್ಲಿ ಮೊದಲು ಮೈದಾ ಎಂದಿದ್ದರೆ ನೀವು ಕೊಂಡದ್ದು ಮೈದಾ ಬ್ರೆಡ್ಡು. ಹತ್ತಿಯ ಹಾಗೆ ಮೆತ್ತಗಿರುವ ರೈ ಬ್ರೆಡ್ಡು ಇರುವುದಿಲ್ಲ, ಏಕೆಂದರೆ ರೈ ಗೋಧಿಯ ಹಾಗೆ ಉಬ್ಬುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದರಲ್ಲಿ ನಾರಿನಂಶ ಗೋಧಿಗಿಂತ ಹೆಚ್ಚು, ಆದ್ದರಿಂದ ಎರಡು ಹೋಳಿಗೇ ಹೊಟ್ಟೆ ತುಂಬುತ್ತದೆ. ಆದರೆ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು ಒಗ್ಗದೆ ವೈದ್ಯರಿಂದ ಪಥ್ಯ ಹೇಳಿಸಿಕೊಂಡವರು ರೈಯನ್ನೂ ಮುಟ್ಟಬಾರದು.

ನನಗೆ ಕೊಟ್ಟ ಸಮಯದಲ್ಲಿ ಬಹುಭಾಗವನ್ನು ಅತ್ತೆಯೇ ತೆಗೆದುಕೊಂಡಿದ್ದಾರೆ. ಹೊಲದ ಮಾತನ್ನು ಬೇಗ ಮುಗಿಸುತ್ತೇನೆ.

ರೈ ಮೊದಲಿಗೆ ಬೆಳೆಯಾಗಿರಲಿಲ್ಲ, ಕಳೆಯಾಗಿತ್ತು. ಭತ್ತದ ಗದ್ದೆಯಲ್ಲಿ ಭತ್ತದಂತೆಯೇ ನಿಂತು ಕಣ್ಣು ತಪ್ಪಿಸುವ ಹುಲ್ಲಿನ ಹಾಗೆ ಅದು ಗೋಧಿಯ ಹೊಲದಲ್ಲಿ ಸೇರಿಕೊಂಡು, ಗೋಧಿ ಸೋತ ಚಳಿಯ ನಾಡಿನಲ್ಲಿ ತಾನೇ ಬೆಳೆಯಾಯಿತು ಎಂದು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ವಿವರಿಸಿದರು. ಮರಳು ನೆಲ, ಹುಳಿ ಮಣ್ಣು, ತಿಂಗಳುಗಟ್ಟಲೆ ಹಿಮದ ಹೊದಿಕೆ, ಯಾವುದಕ್ಕೂ ಅದು ಅಂಜುವುದಿಲ್ಲ. ಅದರ ಗುಟ್ಟು ಬೇರಿನಲ್ಲಿದೆ. ಅಮೆರಿಕದ ಹೊವರ್ಡ್ ಡಿಟ್ಮರ್ ಎಂಬ ವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ತೊಳೆದು, ಎಣಿಸಿ, ಅಳೆದು 1937ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆ ಬೇರುಗಳ ಒಟ್ಟು ಉದ್ದ ಸುಮಾರು 620 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದರೂ ಆ ಬೇರು ಮುಗಿಯುವುದಿಲ್ಲ.

ಅರ್ಗಟ್ ಎಂಬ ಶಿಲೀಂಧ್ರ ರೈ ತೆನೆಗೆ ಹತ್ತಿದಾಗ ಕಾಳಿನ ಜಾಗದಲ್ಲಿ ಕಪ್ಪು ಕೋಡು ಬೆಳೆಯುತ್ತದೆ. ಅದನ್ನು ಅರಿಯದೆ ತಿಂದ ಯುರೋಪಿನ ಹಳ್ಳಿಗಳಲ್ಲಿ ಕೈಕಾಲು ಉರಿದು ಕೊಳೆತು ಜನ ಸತ್ತಿದ್ದರು. ಆ ಬೇನೆಗೆ ಸಂತ ಆಂಟನಿಯ ಬೆಂಕಿ ಎಂದು ಹೆಸರಿತ್ತು. ಅದೇ ವಿಷದಿಂದ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ಎರ್ಗೊಮೆಟ್ರಿನ್ ಎಂಬ ಔಷಧ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ನೀಲಗಿರಿಯ ಬೆಟ್ಟದಲ್ಲಿ ರೈ ಬಿತ್ತಿ, ಬೇಕೆಂದೇ ಈ ರೋಗ ಹತ್ತಿಸಿ, ಕಪ್ಪು ಕೋಡುಗಳನ್ನು ಔಷಧಕ್ಕಾಗಿ ಆರಿಸುತ್ತಿದ್ದರು.

ನಿಮಗೆ ತಿಳಿಯದಂತೆ ನೀವೂ ರೈಯ ಒಂದು ತುಣುಕನ್ನು ತಿಂದಿರಬಹುದು. ಉತ್ತರ ಭಾರತದಲ್ಲಿ ಬಹಳ ವರ್ಷ ಮೆರೆದ ಪಿಬಿಡಬ್ಲ್ಯು 343 ಎಂಬ ಗೋಧಿ ತಳಿಯಲ್ಲಿ, ತುಕ್ಕುರೋಗ ತಡೆಯುವ ಗುಣಕ್ಕಾಗಿ ತಳಿಗಾರರು ಸೇರಿಸಿಕೊಂಡ ರೈಯ ವರ್ಣತಂತುವಿನ, ಅಂದರೆ ವಂಶಗುಣ ಹೊರುವ ಎಳೆಯ, ಒಂದು ತುಂಡಿದೆ. ಆ ತುಂಡು ಸೇರಿದ ಗೋಧಿಗಳಲ್ಲಿ ಹಿಟ್ಟು ನಾದುವಾಗ ಅಂಟು ಹೆಚ್ಚೆಂದು ಬೇಕರಿಯವರು ದೂರುವುದುಂಟು. ಒಂದು ತುಂಡಿಗೇ ಇಷ್ಟು ಅಂಟಾದರೆ, ಕೇಳುಗರೇ, ಪೂರ್ತಿ ರೈ ಹಿಟ್ಟನ್ನು ಲಟ್ಟಿಸಲು ಏಕೆ ಹೋಗುತ್ತೀರಿ?

ಈ ಭಾಷಣದ ಸುದ್ದಿ ತಿಳಿದ ಇಬ್ಬರು ರೈತರು, ರೈ ಬೀಜ ಎಲ್ಲಿ ಸಿಗುತ್ತದೆ, ಗಿರಿಯ ತಪ್ಪಲಿನಲ್ಲಿ ಹಾಕಬಹುದೇ ಎಂದು ಆಗಲೇ ಕೇಳಿದ್ದಾರೆ. ಯುರೋಪಿನಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಬಿತ್ತುವ ರೈಗೆ ತೆನೆ ಒಡೆಯಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿ ಸಿಗಬೇಕು, ಅಂಥ ಚಳಿ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿಯೂ ಇಲ್ಲ. ಆ ಬೀಜ ತರಿಸಿ ಬಿತ್ತಿದರೆ ಹುಲ್ಲು ಸೊಗಸಾಗಿ ಬರುತ್ತದೆ, ತೆನೆ ಬರುವುದಿಲ್ಲ. ನಿಮ್ಮ ದನಗಳಿಗೆ ಸಂತೋಷವಾದೀತು. ನಮಸ್ಕಾರ.